ಲೀಲಾ ರಾವ್ ಮತ್ತು ನಮ್ಮನೆಯ ರ್‍ಯಾಕೆಟ್

2009ರ ಫೆಬ್ರವರಿ 2, ಸೋಮವಾರ. ಮುಲುಂಡಿನಿಂದ ವಿ.ಟಿ.ಗೆ ಹೋಗುವ ಬೆಳಗಿನ ಸ್ಲೋ ಗಾಡಿ. (ಸ್ಟೇಷನ್ನಿನ ಹೆಸರು ಎಷ್ಟು ಸಲ ಬದಲಾದರೂ ನನ್ನ ಬಾಯಲ್ಲಿ ಅದು ವಿ.ಟಿ.ಯೇ, ಕ್ಷಮಿಸಿ.) ಹಿಂದಿನ ದಿನವಷ್ಟೇ ಮೆಲ್ಬರ್ನಿನಲ್ಲಿ ಸಾನಿಯಾ ಮಿರ್ಜಾ, ಮಹೇಶ್ ಭೂಪತಿ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದಿದ್ದಳು. ಗ್ರ್ಯಾಂಡ್ ಸ್ಲಾಮ್ ಗೆದ್ದ ಮೊದಲ ಭಾರತೀಯ ಮಹಿಳೆ! ಡಬ್ಬದ ತುಂಬಾ ಅದೇ ಮಾತು. ಹುಟ್ಟಿದ್ದು ಮುಂಬಯಿಯಲ್ಲಿ ಎಂದು ನಮ್ಮ ಮರಾಠಿ ಮಿತ್ರರಿಗೆ ಹೆಮ್ಮೆ, ಬೆಳೆದದ್ದು ಹೈದರಾಬಾದಿನಲ್ಲಿ ಎಂದು ಮೂಲೆಯಲ್ಲಿ ನಿಂತಿದ್ದ ತೆಲುಗಿನವರೊಬ್ಬರ ತಿದ್ದುಪಡಿ.

ನನ್ನ ಎದುರಿಗೆ ಕೂರುತ್ತಿದ್ದವರು ಕಾರ್ಕಳ ಕಡೆಯ ಒಬ್ಬ ಸಂಸ್ಕೃತ ಮೇಷ್ಟ್ರು, ಇಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ಕ್ರಿಕೆಟ್ಟಿನ ಸ್ಕೋರು ಕೂಡ ಕೇಳಿದವರಲ್ಲ. ಅವರು ಪೇಪರಿನಿಂದ ತಲೆ ಎತ್ತಿ, "ಇವಳು ಗೆದ್ದಳು, ಸಂತೋಷ. ಆದ್ರೆ ವಿಂಬಲ್ಡನ್ನಿನಲ್ಲಿ ಮೊದಲು ಮ್ಯಾಚು ಗೆದ್ದ ನಮ್ಮ ದೇಶದ ಹುಡುಗಿ ಯಾರು ಗೊತ್ತುಂಟಾ ಮಾರಾಯ್ರೆ? ನಮ್ಮ ಪಂಡಿತಾ ಕ್ಷಮಾ ರಾವ್ ಉಂಟಲ್ಲ, ಅವರ ಮಗಳು. ಇದೇ ಮುಂಬಯಿಯವಳು. 1934ರಲ್ಲಿ!" ಎಂದರು.

ನನಗೆ ತಾಯಿಯೂ ಗೊತ್ತಿರಲಿಲ್ಲ, ಮಗಳೂ ಗೊತ್ತಿರಲಿಲ್ಲ. 1978ರಿಂದ ಈ ಊರಲ್ಲಿದ್ದೇನೆ. ಫೋರ್ಟ್‌ನ ಬ್ಯಾಂಕಿನಲ್ಲಿ ಕೂತು ಸಾವಿರಾರು ಜನರ ಖಾತೆ ನೋಡಿದ್ದೇನೆ. ಈ ಹೆಸರು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ರಾವ್ ಅಂದ ಕೂಡಲೇ ಕಿವಿ ನೆಟ್ಟಗಾಯಿತು ಅನ್ನುವುದನ್ನು ಒಪ್ಪಿಕೊಳ್ಳಬೇಕು. "ನಮ್ಮವರಾ?" ಎಂದು ಕೇಳುವುದು ಮುಂಬಯಿ ಕನ್ನಡಿಗರ ಹಳೇ ಚಾಳಿ ತಾನೇ! ಇವರು ರಾವ್ ಎಂಬುದನ್ನು ಇಂಗ್ಲಿಷಿನಲ್ಲಿ ಆರ್-ಓ-ಡಬ್ಲ್ಯು ಎಂದು ಬರೆಯುತ್ತಿದ್ದರು. ನಮ್ಮ ಕಡೆಯ ಬೆನೆಗಲ್ ನರಸಿಂಗ ರಾಯರು ಆರ್-ಎ-ಯು ಎಂದು ಬರೆದ ಹಾಗೆ, ಆ ಕಾಲದಲ್ಲಿ ಒಬ್ಬೊಬ್ಬರದು ಒಂದೊಂದು ಕಾಗುಣಿತ. ನಮ್ಮವರೋ ಅಲ್ಲವೋ ಎಂಬ ಲೆಕ್ಕ ಬಿಡೋಣ. ಮುಂಬಯಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಆಟ ಕಲಿತವರು. ಇಲ್ಲಿ ಬದುಕು ಕಟ್ಟಿಕೊಂಡ ನಮಗೆ ಅಷ್ಟು ನೆಂಟಸ್ತಿಕೆ ಸಾಕು.

ಮೊದಲು ತಾಯಿಯ ಕತೆ ಹೇಳಬೇಕು, ಯಾಕೆಂದರೆ ಮಗಳ ಕತೆ ಶುರುವಾಗುವುದೇ ಅಲ್ಲಿ.

ಕ್ಷಮಾ ಹುಟ್ಟಿದ್ದು 1890ರಲ್ಲಿ. ತಂದೆ ಶಂಕರ ಪಾಂಡುರಂಗ ಪಂಡಿತರು ದೊಡ್ಡ ವಿದ್ವಾಂಸರು, ಸಾಯಣ ಭಾಷ್ಯದ ಜೊತೆಗೆ ಅಥರ್ವವೇದವನ್ನು ಸಂಪಾದಿಸಿದವರು. ಪೋರಬಂದರಿನ ಆಡಳಿತಾಧಿಕಾರಿಯಾಗಿದ್ದಾಗ ಅವರ ಮನೆಯಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಕ್ಷಮಾಗೆ ನಾಲ್ಕು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಮುಂದೆ ಮುಂಬಯಿಯ ಪ್ರಸಿದ್ಧ ವೈದ್ಯ, ರೋಗಾಣು ಸಂಶೋಧಕ ಡಾ. ರಾಘವೇಂದ್ರ ರಾವ್ ಅವರ ಜೊತೆ ಮದುವೆ. ಗಂಡನ ಮನೆಗೆ ಬಂದ ಮೇಲೆ ಆಕೆ ಎರಡು ಕೆಲಸ ಮಾಡಿದರು. ಒಂದು, ಸಂಸ್ಕೃತದಲ್ಲಿ ಕಾವ್ಯ ಬರೆದರು. ಇನ್ನೊಂದು, ಟೆನ್ನಿಸ್ ಆಡಿದರು. ಸುಮ್ಮನೆ ಸಂಜೆ ಹೊತ್ತು ಕಳೆಯಲು ಅಲ್ಲ, ಮುಂಬಯಿ ಪ್ರಾಂತ್ಯದ ಪಂದ್ಯಗಳಲ್ಲಿ ಪೈಪೋಟಿಗೆ ಇಳಿದು ಆಡಿದರು. 1920ರ ದಶಕದಲ್ಲಿ, ಮದುವೆಯಾಗಿ ಮಕ್ಕಳಿದ್ದ ಹೆಂಗಸು!

ಆ ಹೊತ್ತಿನ ಮುಂಬಯಿ ಹೇಗಿತ್ತು ನೋಡಿ. ಬಾಂಬೆ ಜಿಮ್‌ಖಾನಾದಲ್ಲಿ ಭಾರತೀಯರಿಗೆ ಸದಸ್ಯತ್ವವಿಲ್ಲ. ಅದಕ್ಕೇ ಮರೀನ್ ಲೈನ್ಸ್ ಪಕ್ಕ ಪಾರ್ಸಿಗಳದೊಂದು, ಹಿಂದೂಗಳದೊಂದು, ಮುಸ್ಲಿಮರದೊಂದು ಬೇರೆ ಬೇರೆ ಜಿಮ್‌ಖಾನಾ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಶುರುವಾದಾಗ ಇದೇ ಊರಿನ ಹೆಂಗಸರು ಮನೆಯಿಂದ ಬೀದಿಗೆ ಬಂದರು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಇಲ್ಲಿ ಉಪ್ಪಿನ ಪೊಟ್ಟಣ ಮಾರಿ ಜೈಲಿಗೆ ಹೋದರು. ಕ್ಷಮಾ ಆ ಚಳವಳಿಯನ್ನೇ ವಸ್ತುವಾಗಿಟ್ಟು, ಭಗವದ್ಗೀತೆಯ ಹಾಗೆ ಹದಿನೆಂಟು ಅಧ್ಯಾಯಗಳಲ್ಲಿ 'ಸತ್ಯಾಗ್ರಹಗೀತಾ' ಎಂಬ ಸಂಸ್ಕೃತ ಕಾವ್ಯ ಬರೆದರು. ಅದು 1932ರಲ್ಲಿ ಅಚ್ಚಾದದ್ದು ಪ್ಯಾರಿಸ್‌ನಲ್ಲಿ. ಬ್ರಿಟಿಷರ ಮೂಗಿನಡಿ ಅದನ್ನು ಅಚ್ಚು ಹಾಕಿಸುವುದು ಸುಲಭವಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಮಗಳು ಲೀಲಾ ಹುಟ್ಟಿದ್ದು 1911ರ ಡಿಸೆಂಬರಿನಲ್ಲಿ. 1931ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಆಕೆ ಅಖಿಲ ಭಾರತ ಲಾನ್ ಟೆನ್ನಿಸ್ ಚಾಂಪಿಯನ್‌ಷಿಪ್ಪಿನ ಮಹಿಳೆಯರ ಸಿಂಗಲ್ಸ್ ಗೆದ್ದರು. ಅದೇ ಅವರ ಮೊದಲ ದೊಡ್ಡ ಪ್ರಶಸ್ತಿ. ಆಗ ದೇಶದಲ್ಲಿ ಅದಕ್ಕಿಂತ ದೊಡ್ಡ ಪಂದ್ಯವಿರಲಿಲ್ಲ. ಕಣದಲ್ಲಿ ಇದ್ದವರಲ್ಲಿ ಬಹಳ ಮಂದಿ ಇಂಗ್ಲಿಷ್ ಮೇಡಮ್ಮುಗಳು, ಆಂಗ್ಲೋ ಇಂಡಿಯನ್ ಹುಡುಗಿಯರು. ಖರಗ್‌ಪುರದ ಜೆನ್ನಿ ಸ್ಯಾಂಡಿಸನ್ 1929ರಲ್ಲೇ ವಿಂಬಲ್ಡನ್ನಿನಲ್ಲಿ ಆಡಿ ಬಂದಿದ್ದರು. ಅಂಥವರ ನಡುವೆ ಸಂಸ್ಕೃತ ಕವಯಿತ್ರಿಯ ಮಗಳು ಗೆದ್ದಳು. ಅದೇ 1931ರ ಆಗಸ್ಟ್ 29ರಂದು ಗಾಂಧೀಜಿ ದುಂಡುಮೇಜಿನ ಪರಿಷತ್ತಿಗೆಂದು ಮುಂಬಯಿಯಿಂದ ಹಡಗು ಹತ್ತಿದ್ದು. ಊರಿನ ಗಮನ ಯಾವ ಕಡೆಗಿತ್ತು ಎಂದು ಊಹಿಸಬಹುದು.

ಮೂರು ವರ್ಷ ಕಳೆದು 1934ರಲ್ಲಿ ಲೀಲಾ ವಿಂಬಲ್ಡನ್ನಿಗೆ ಇಳಿದರು. ಮುಂಬಯಿಯಿಂದ ಹಡಗಿನಲ್ಲಿ ಸುಮಾರು ಎರಡು ವಾರದ ದಾರಿ. ಇಲ್ಲಿ ಮುಂಗಾರು ಹೊಡೆದು ಕೋರ್ಟುಗಳೆಲ್ಲ ಕೆಸರಾಗುವ ಹೊತ್ತಿಗೆ ಸರಿಯಾಗಿ ಅಲ್ಲಿ ಹುಲ್ಲಿನ ಮೇಲೆ ಆಟ. ಮೊದಲ ಸುತ್ತಿನ ಎದುರಾಳಿ ಬ್ರಿಟನ್ನಿನ ಗ್ಲ್ಯಾಡಿಸ್ ಸೌತ್‌ವೆಲ್. ಮೊದಲ ಸೆಟ್ 4-6, ಲೀಲಾ ಸೋತರು. ಎರಡನೆಯದು 10-8.

ಈ 10-8ರ ಹತ್ತಿರ ಸ್ವಲ್ಪ ನಿಲ್ಲಿ. ಟೈಬ್ರೇಕರ್ ನೋಡಿ ಬೆಳೆದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ವಿಂಬಲ್ಡನ್ನಿಗೆ ಟೈಬ್ರೇಕರ್ ಬಂದದ್ದು 1971ರಲ್ಲಿ. ಅದಕ್ಕೂ ಮೊದಲು ಒಬ್ಬರು ಎರಡು ಗೇಮ್ ಮುಂದೆ ಹೋಗುವ ತನಕ ಸೆಟ್ ಮುಗಿಯುವ ಹಾಗೇ ಇರಲಿಲ್ಲ. ಒಂದು ಸೆಟ್ ಆಗಲೇ ಕೈಬಿಟ್ಟಿದೆ, ಇದೂ ಹೋದರೆ ಹಡಗು ಹತ್ತುವುದೇ. ಎಂಟು-ಎಂಟರ ತನಕ ಸಮಸಮ. ಅಲ್ಲಿಂದ ಎರಡು ಗೇಮ್ ಕಿತ್ತುಕೊಂಡರು. ಹದಿನೆಂಟು ಗೇಮಿನ ಸೆಟ್ ಮುಗಿಸಿ ಮೂರನೆಯದನ್ನು 6-2ಕ್ಕೆ ಗೆದ್ದರು. ವಿಂಬಲ್ಡನ್ನಿನಲ್ಲಿ ಭಾರತೀಯ ಮಹಿಳೆಯೊಬ್ಬಳ ಮೊದಲ ಗೆಲುವು ಇದು. ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಇಡಾ ಅದಮೋಫ್ ಎದುರು ಸೋತರು. ಆ ವರ್ಷ ಗಂಡಸರಲ್ಲಿ ಫ್ರೆಡ್ ಪೆರ್ರಿ, ಹೆಂಗಸರಲ್ಲಿ ಡೊರೊತಿ ರೌಂಡ್, ಇಬ್ಬರೂ ಇಂಗ್ಲಿಷರೇ ಗೆದ್ದರು. ಅಲ್ಲಿನವರಿಗೆ ಅದೇ ಹಬ್ಬ. ಮುಂಬಯಿ ಹುಡುಗಿಯ ಮೊದಲ ಸುತ್ತಿನ ಗೆಲುವನ್ನು ಯಾರು ಲೆಕ್ಕಕ್ಕಿಡುತ್ತಾರೆ?

ನಮ್ಮನೆಯ ವಿಷಯಕ್ಕೆ ಬರುತ್ತೇನೆ.

2005ರ ಫೆಬ್ರವರಿ 12, ಶನಿವಾರ. ಸಾನಿಯಾ ಹೈದರಾಬಾದ್ ಓಪನ್ ಫೈನಲ್ಲಿನಲ್ಲಿ ಉಕ್ರೇನಿನ ಅಲೋನಾ ಬೊಂಡರೆಂಕೊಳನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದಳು. ಡಬ್ಲ್ಯು.ಟಿ.ಎ. ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು, ವಯಸ್ಸು ಹದಿನೆಂಟು. 2003ರಲ್ಲಿ ವಿಂಬಲ್ಡನ್ ಹುಡುಗಿಯರ ಡಬಲ್ಸ್ ಗೆದ್ದದ್ದು ಪೇಪರಿನಲ್ಲಿ ಓದಿದ್ದೆವು, ಆದರೆ ಇದನ್ನು ಟಿವಿಯಲ್ಲಿ ಕಣ್ಣಾರೆ ಕಂಡೆವು. ನನ್ನ ಮಗಳಿಗೆ ಆಗ ಹದಿಮೂರು ತುಂಬಿರಲಿಲ್ಲ. ಮರುದಿನವೇ ರ್‍ಯಾಕೆಟ್ ಬೇಕು ಎಂದು ಹಟ. ಧೋಬಿ ತಲಾವಿನ ಆಟದ ಸಾಮಾನಿನ ಅಂಗಡಿಗಳಲ್ಲಿ ನಾಲ್ಕು ಕಡೆ ಚೌಕಾಸಿ ಮಾಡಿ ಒಂದು ಕೊಂಡೆವು. ಹತ್ತಿರದ ಜಿಮ್‌ಖಾನಾದಲ್ಲಿ ವಾರಕ್ಕೆ ಮೂರು ದಿನ ಕೋಚಿಂಗ್. ಬ್ಯಾಂಕಿನವನ ಸಂಬಳಕ್ಕೆ ಅದು ಹಗುರವೇನೂ ಅಲ್ಲ.

ಚೆನ್ನಾಗಿ ಆಡುತ್ತಿದ್ದಳಾ? ನನಗೆ ಗೊತ್ತಾಗುತ್ತಿರಲಿಲ್ಲ. ನಾನು ಕುಂದಾಪುರ ಕಡೆಯವನು, ಕಬಡ್ಡಿ ಬಿಟ್ಟು ಬೇರೆ ಆಟ ಆಡಿದವನಲ್ಲ. 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದಾಗ, ಪಡುಕೋಣೆ ನಮ್ಮೂರ ಪಕ್ಕದ ಹಳ್ಳಿ ಎಂದು ಆಫೀಸಿನಲ್ಲಿ ಎದೆಯುಬ್ಬಿಸಿ ತಿರುಗಿದ್ದೆ. ಕೈಯಲ್ಲಿ ಮಾತ್ರ ಬ್ಯಾಡ್ಮಿಂಟನ್ ರ್‍ಯಾಕೆಟ್ ಹಿಡಿದಿರಲಿಲ್ಲ. ಕೋಚ್ ಮಾತ್ರ ಒಮ್ಮೆ ನನ್ನನ್ನು ನಿಲ್ಲಿಸಿ, "ಹುಡುಗಿ ಸೋಲುವಾಗ ಬಿಟ್ಟುಕೊಡುವುದಿಲ್ಲ, ಮುಂದುವರಿಸಿ" ಎಂದಿದ್ದರು.

2007ರ ಜೂನಿನಲ್ಲಿ ಹತ್ತನೇ ಕ್ಲಾಸು ಶುರುವಾಯಿತು. ನಾನು ನಿಲ್ಲಿಸಿದೆ. ಹೆಂಡತಿ ಒಂದು ಮಾತು ಹೇಳಿ ನೋಡಿದಳು, ನಾನು ಕೇಳಲಿಲ್ಲ. ಟ್ಯೂಷನ್ನಿಗೆ ದುಡ್ಡು, ಟೆನ್ನಿಸ್ಸಿಗೆ ದುಡ್ಡು, ಎರಡೂ ಆಗಲ್ಲ ಎಂದೆ. ನಿಜವಾದ ಕಾರಣ ದುಡ್ಡು ಅಷ್ಟೇ ಆಗಿರಲಿಲ್ಲ. ಪರವೂರಿಗೆ ಬಂದು ಬಾಡಿಗೆ ಖೋಲಿಯಿಂದ ಫ್ಲ್ಯಾಟಿಗೆ ಏರಿದವನಿಗೆ ಮಾರ್ಕ್‌ಶೀಟ್ ಒಂದೇ ಏಣಿ ಎಂಬ ಭಯ. ಮಗಳು ಅಳಲಿಲ್ಲ. ರ್‍ಯಾಕೆಟ್ಟನ್ನು ಕವರಿಗೆ ಹಾಕಿ ಅಟ್ಟದ ಮೇಲಿಟ್ಟಳು.

ಹಾಗಾಗಿ 2009ರ ಆ ಸೋಮವಾರ ಸಂಜೆ ಮನೆಗೆ ಹೋಗಿ ಲೀಲಾ ರಾವ್ ಕತೆಯನ್ನು ನಾನು ಭಾರೀ ಉತ್ಸಾಹದಿಂದ ಹೇಳಿದಾಗ, ಹನ್ನೊಂದನೇ ಕ್ಲಾಸಿನಲ್ಲಿದ್ದ ಅವಳು ಪುಸ್ತಕದಿಂದ ತಲೆ ಎತ್ತದೆ, "ಅವರ ಅಮ್ಮನೇ ಆಡ್ತಿದ್ರಲ್ಲಾ ಪಪ್ಪಾ" ಅಂದಳು. ನನ್ನಾಕೆ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿದಳು. ನಾನು ಪೇಪರ್ ಎತ್ತಿಕೊಂಡೆ.

ಆಮೇಲೆ ನಾನು ಬಿಡುವಾದಾಗಲೆಲ್ಲ ಲೀಲಾ ಬಗ್ಗೆ ಓದುತ್ತಾ ಹೋದೆ. 1935ರಲ್ಲೂ ಅವರು ವಿಂಬಲ್ಡನ್ನಿಗೆ ಹೋದರು, ಮೊದಲ ಸುತ್ತಿನಲ್ಲೇ ಸೋತರು. ಅಖಿಲ ಭಾರತ ಪ್ರಶಸ್ತಿಯನ್ನು ಮಾತ್ರ 1940ರ ದಶಕದ ತನಕ ಮತ್ತೆ ಮತ್ತೆ ಗೆದ್ದರು. ಬರೇ ಆಟದ ಮನುಷ್ಯಳಲ್ಲ. ತಾಯಿಯ ಕಥೆಗಳನ್ನು ಸಂಸ್ಕೃತ ನಾಟಕಗಳಾಗಿಸಿದರು. ಭರತನಾಟ್ಯದ ಬಗ್ಗೆ 'ನೃತ್ತಮಂಜರಿ' ಎಂಬ ಪುಸ್ತಕ ಬರೆದರು. ಐ.ಸಿ.ಎಸ್. ಅಧಿಕಾರಿ ಹರೀಶ್ವರ ದಯಾಳರನ್ನು ಮದುವೆಯಾದರು. ಅವರು ನೇಪಾಳದಲ್ಲಿ ನಮ್ಮ ರಾಯಭಾರಿಯಾಗಿದ್ದಾಗ, 1964ರಲ್ಲಿ, ಎವರೆಸ್ಟ್ ತಪ್ಪಲಿನ ಖುಂಬು ಪ್ರದೇಶದಲ್ಲಿ ತೀರಿಕೊಂಡರು.

ಇಷ್ಟೆಲ್ಲ ಇದ್ದೂ ಲೀಲಾ ಹೆಸರು ಮರೆಯಾದದ್ದು ಹೇಗೆ? ನನಗೆ ಕಂಡ ಕಾರಣ ಒಂದು ಪದ: ಓಪನ್ ಯುಗ. 1968ರಲ್ಲಿ ವೃತ್ತಿಪರ ಆಟಗಾರರಿಗೂ ದೊಡ್ಡ ಪಂದ್ಯಗಳ ಬಾಗಿಲು ತೆರೆಯಿತು, ದಾಖಲೆಗಳ ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಯಿತು. 1998ರಲ್ಲಿ ನಿರುಪಮಾ ವೈದ್ಯನಾಥನ್ ಆಸ್ಟ್ರೇಲಿಯನ್ ಓಪನ್‌ನಲ್ಲಿ ಇಟಲಿಯ ಗ್ಲೋರಿಯಾ ಪಿಜ್ಜಿಚಿನಿಯನ್ನು ಸೋಲಿಸಿದಾಗ, ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಎಂಬ ಮಾತು ಬಂತು. 'ಓಪನ್ ಯುಗದಲ್ಲಿ' ಎಂಬುದನ್ನು ಸೇರಿಸಿದರೆ ಮಾತ್ರ ಅದು ಸರಿ. ಆ ಎರಡು ಪದ ಬಿಟ್ಟುಹೋದ ಕಡೆಯೆಲ್ಲ ಲೀಲಾ ಕೂಡ ಬಿಟ್ಟುಹೋದರು. ನಿರುಪಮಾ ಸಾಧನೆ ಕಡಿಮೆಯದು ಅಂತಲ್ಲ, ಆಕೆ ಗೆದ್ದ ಕಾಲದ ಪೈಪೋಟಿಯೇ ಬೇರೆ. ಆದರೂ ನಡುವಿನ 64 ವರ್ಷ ಸಣ್ಣದಲ್ಲ. ಆ ನಡುವೆಯೂ ಇದೇ ಮುಂಬಯಿಯಲ್ಲಿ ಇನ್ನೊಬ್ಬ ನಿರುಪಮಾ ಇದ್ದರು. ಅಶೋಕ್ ಮಾಂಕಡರ ಹೆಂಡತಿ, 1971ರಲ್ಲಿ ಆನಂದ್ ಅಮೃತರಾಜ್ ಜೊತೆ ವಿಂಬಲ್ಡನ್ ಮಿಕ್ಸೆಡ್ ಡಬಲ್ಸ್ ಆಡಿದವರು. ಅವರ ಮಗ ಹರ್ಷ ಕೂಡ ಟೆನ್ನಿಸ್ ಆಟಗಾರನೇ ಆದ. ಇಲ್ಲೂ ತಾಯಿಯದೇ ರ್‍ಯಾಕೆಟ್! ಮಗಳ ಮಾತು ನೆನಪಾಗದೆ ಇರುತ್ತದೆಯೇ.

ಸಾನಿಯಾಳ ಕೊನೆಯ ಗ್ರ್ಯಾಂಡ್ ಸ್ಲಾಮ್ ಪಂದ್ಯ 2023ರ ಆಸ್ಟ್ರೇಲಿಯನ್ ಓಪನ್ ಮಿಕ್ಸೆಡ್ ಫೈನಲ್. ಜೊತೆಗಾರ ನಮ್ಮ ಕೊಡಗಿನ ರೋಹನ್ ಬೋಪಣ್ಣ. ಸೋತರು. ಮಾತಾಡುವಾಗ ಸಾನಿಯಾ ಕಣ್ಣೊರೆಸಿಕೊಂಡಳು, ಅವಳ ಪುಟ್ಟ ಮಗ ಅಲ್ಲೇ ಇದ್ದ. ನಾನು ಮತ್ತು ಮಗಳು ಫೋನಿನ ಎರಡು ತುದಿಯಲ್ಲಿ ಅದನ್ನೇ ನೋಡುತ್ತಿದ್ದೆವು. ಅವಳೀಗ ಠಾಣೆಯಲ್ಲಿದ್ದಾಳೆ, ಐಟಿ ಕಂಪನಿಯ ಕೆಲಸ, ಒಬ್ಬಳು ಹೆಣ್ಣುಮಗಳು.

2025ರ ಫೆಬ್ರವರಿಯಲ್ಲಿ ಚರ್ಚ್‌ಗೇಟ್ ಹತ್ತಿರದ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಮುಂಬಯಿ ಓಪನ್ ನಡೆಯಿತು. ಮೂರೂ ಜನ ಹೋದೆವು. ಅಜ್ಜ, ಮಗಳು, ಆರು ವರ್ಷದ ಮೊಮ್ಮಗಳು. ಕೊಯಮತ್ತೂರಿನ ಮಾಯಾ ರಾಜೇಶ್ವರನ್ ಎಂಬ ಹದಿನೈದರ ಹುಡುಗಿ ಅರ್ಹತಾ ಸುತ್ತಿನಿಂದ ಶುರುಮಾಡಿ ಸೆಮಿಫೈನಲ್ ತನಕ ಬಂದಿದ್ದಳು. ಆಚೆ ಕಡೆ ಇದ್ದವಳು ಸ್ವಿಟ್ಜರ್ಲೆಂಡಿನ ಜಿಲ್ ಟೈಶ್‌ಮನ್, ಆಮೇಲೆ ಪ್ರಶಸ್ತಿ ಗೆದ್ದವಳು. ಮಾಯಾ ಸೋತಳು. ಮೊಮ್ಮಗಳು ಸ್ಕೋರು ಅರ್ಥವಾಗದೆ ಪ್ರತಿ ಚೆಂಡಿಗೂ ಚಪ್ಪಾಳೆ ಹೊಡೆದಳು. ವಾಪಸು ಬರುವಾಗ ಅವಳಿಗೆ ಲೀಲಾ ಕತೆ ಹೇಳಿದೆ, ಹಡಗಿನದು, 10-8ರದು. "ಅಷ್ಟು ಹೊತ್ತು ಆಡಿದ್ರೆ ಹಸಿವಾಗಲ್ವಾ ಅಜ್ಜ?" ಎಂದು ಕೇಳಿದಳು. ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದವಳು, "ನನ್ನ ರ್‍ಯಾಕೆಟ್ ಇನ್ನೂ ಅಟ್ಟದಲ್ಲೇ ಇದೆಯಾ ಪಪ್ಪಾ?" ಅಂದಳು.

ಇತ್ತು. ಕವರ್ ಪುಡಿಪುಡಿಯಾಗಿತ್ತು, ತಂತಿ ಸಡಿಲವಾಗಿತ್ತು. ಮುಂದಿನ ಶನಿವಾರ ಅದನ್ನು ಹಿಡಿದು ಧೋಬಿ ತಲಾವಿಗೆ ಹೋದೆ. ಅಂಗಡಿಯವನು ಫ್ರೇಮನ್ನು ತಟ್ಟಿ ನೋಡಿ ಗಟ್ಟಿಯಿದೆ ಎಂದ, ಮಗುವಿಗೆ ಇದು ಭಾರವಾಗುತ್ತದೆ ಎಂದೂ ಹೇಳಿ 21 ಇಂಚಿನದೊಂದು ತೋರಿಸಿದ. ಅದನ್ನೂ ತೆಗೆದುಕೊಂಡೆ. ಹಳೆಯದು ಮಗುವಿಗಲ್ಲ, ಅದರ ಅಮ್ಮನಿಗೆ ಎಂದು ಹೇಳಿ, ಹೊಸ ತಂತಿ ಹಾಕಲು ಕೊಟ್ಟು ಬಂದೆ.