ಶರೀಫರ ಪದ, ಹೊಸ ಕಾಲದ ದನಿ

ಗಡಿಯಾಚೆಯ ಕನ್ನಡಿಗರಾದ ನಮಗೆ ಭಾಷೆಯು ಶಾಲೆಯಿಂದ ಬಂದುದಕ್ಕಿಂತ ಹಾಡಿನಿಂದ ಬಂದುದೇ ಹೆಚ್ಚು. ಅಕ್ಕಲಕೋಟೆ, ಸೊಲ್ಲಾಪುರ ಸೀಮೆಯ ಭಜನೆಗಳಲ್ಲಿ ಏಕತಾರಿಯೊಡನೆ ತತ್ತ್ವಪದ ಕೇಳುತ್ತ ಬೆಳೆದ ತಲೆಮಾರು ನಮ್ಮದು. ಕೆಲವು ವರ್ಷಗಳ ಹಿಂದೆ, ಮರಾಠಿ ಮಾಧ್ಯಮದಲ್ಲಿ ಓದುವ ನಮ್ಮ ಮೊಮ್ಮಗ 'ಗುಡುಗುಡಿಯ ಸೇದಿ ನೋಡೋ' ಪದವನ್ನು ಗುನುಗುತ್ತಿದ್ದ. "ಯಾರು ಕಲಿಸಿದರಪ್ಪಾ?" ಎಂದರೆ, "ರಘು ದೀಕ್ಷಿತ್ ಹಾಡು ಅಜ್ಜಾ" ಎಂದ. ಆ ಉತ್ತರವೇ ಈ ಬರಹಕ್ಕೆ ಕಾರಣ.

ಪದ ಕಟ್ಟಿದವರು ಶಿಶುನಾಳ ಶರೀಫರು (1819–1889). ಕೆಲಕಾಲ ಶಾಲಾ ಮಾಸ್ತರರಾಗಿದ್ದ ಅವರು ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಗುಡುಗುಡಿ, ಸೋರುವ ಮಾಳಿಗೆ ಮುಂತಾದ ಮನೆಬಳಕೆಯ ಮಾತುಗಳಲ್ಲೇ ಅನುಭಾವವನ್ನು ಹೇಳಿದರು. ಬಾಯಿಂದ ಬಾಯಿಗೆ ಸಾಗಿಬಂದ ಆ ಪದಗಳನ್ನು ಸಿ. ಅಶ್ವತ್ಥರು ವೇದಿಕೆಗೆ ತಂದರು. ಅವರ ಸಂಗೀತದ 'ಸಂತ ಶಿಶುನಾಳ ಶರೀಫ' (1990) ಚಿತ್ರವು ಅವನ್ನು ಮನೆಮನೆಗೆ ಮುಟ್ಟಿಸಿತು.

ಆ ಸಾಲಿನಲ್ಲಿ ಮುಂದೆ ಬಂದವರು ರಘು ದೀಕ್ಷಿತರು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತವರು. ಸ್ವಂತ ಹಾಡುಗಳನ್ನು ಕಟ್ಟಿ, ತಂಡ ಕೂಡಿಸಿ ಹಾಡುತ್ತಿದ್ದ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದುದು 2008ರಲ್ಲಿ. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆಯೇ ಶರೀಫರೂ ಇದ್ದಾರೆ. 2010ರಲ್ಲಿ ಬ್ರಿಟನ್ನಿನ ಜೂಲ್ಸ್ ಹಾಲೆಂಡ್ ದೂರದರ್ಶನ ಕಾರ್ಯಕ್ರಮದಲ್ಲಿಯೂ ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಅವರು ಹಾಡಿದರು. 2013ರ 'ಜಗ್ ಚಂಗಾ' ಧ್ವನಿಮುದ್ರಿಕೆಯಲ್ಲಿ 'ಲೋಕದ ಕಾಳಜಿ' ಮತ್ತೆ ಮೊಳಗಿತು.

ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರು. ಜೊತೆಗೆ ಪಿಟೀಲು, ಡ್ರಮ್ಮು. ಮೊದಲು ಕೇಳಿದಾಗ ನಮಗೆ ಇದು ಗದ್ದಲವೆನಿಸಿದ್ದುಂಟು. ಮತ್ತೆ ಕೇಳಿದಾಗ ತಿಳಿಯಿತು: ವಾದ್ಯ ಬದಲಾದರೂ ಪದ ಕೆಟ್ಟಿಲ್ಲ. ತುಂಬಿದ ಕಂಠದಿಂದ ಎತ್ತಿದ ಪಲ್ಲವಿಯನ್ನು ಕೇಳುಗರೂ ಕೂಡಿ ಹಾಡುತ್ತಾರೆ. ನಮ್ಮ ಭಜನೆಯ ರೀತಿಯೂ ಅದೇ ಅಲ್ಲವೇ?

ಆದರೆ ರಾಗ ತಲುಪಿದ ಮಾತ್ರಕ್ಕೆ ಅರ್ಥ ತಲುಪದು. "ಗುಡುಗುಡಿ ಅಂದ್ರೇನು ಅಜ್ಜಾ?" ಎಂದು ಮೊಮ್ಮಗ ಕೇಳಿದ. ಹುಕ್ಕಾ ಎಂದೆವು; ಅದರ ನೆಪದಲ್ಲಿ ಶರೀಫರು ಮನಸ್ಸಿನ ಮಾತಾಡಿದ್ದಾರೆಂದು ಬಿಡಿಸಿ ಹೇಳಿದೆವು. ಕನ್ನಡ ಶಾಲೆ ಕಾಣದ ಆ ಹುಡುಗ ಅಂದು ಒಂದು ತಾಸು ಕನ್ನಡದಲ್ಲೇ ಪ್ರಶ್ನೆ ಕೇಳಿದ. ಹಾಡುಗಾರರು ಬಾಗಿಲು ತೆರೆದಿದ್ದಾರೆ; ಮಕ್ಕಳನ್ನು ಒಳಗೆ ಕರೆದೊಯ್ಯುವ ಕೆಲಸ ಮನೆಯ ಹಿರಿಯರಾದ ನಮ್ಮದು.