ಏಣಿನ ಲೆಕ್ಕ, ತುದಿಯ ಸಾಕ್ಷ್ಯ: ಸ್ಥೆನೊರೈಟಿಸ್ ಪ್ರಭೇದಗಳ ಹಳೆಯ ವ್ಯಾಜ್ಯ

ಪಶ್ಚಿಮ ಅಟ್ಲಾಂಟಿಕದ ಆಳನೀರಿನ ವೆಂಟಲ್‌ಟ್ರ್ಯಾಪ್ (ಕಡಲ ಬಸವನಹುಳು) ಕುಲವಾದ ಸ್ಥೆನೊರೈಟಿಸ್‌ಗೆ ಪಾಲ್ ಬಾರ್ಟ್ಶ್ 1940ರಲ್ಲಿ ಕ್ಯೂಬಾನಾ, ಹೆಂಡರ್ಸೊನಿ, ಎಪೇ ಎಂಬ ಮೂರು ಪ್ರಭೇದಗಳನ್ನು ಸೇರಿಸಿದರು. 1954ರಲ್ಲಿ ಟಕರ್ ಅಬಟ್ ತಮ್ಮ 'ಅಮೆರಿಕನ್ ಸೀಶೆಲ್ಸ್' ಗ್ರಂಥದಲ್ಲಿ ಈ ಮೂರನ್ನೂ, ಫಿಶರ್ ಮತ್ತು ಬರ್ನಾರ್ಡಿ 1857ರಲ್ಲೇ ಹೆಸರಿಸಿದ್ದ ಪರ್ನೊಬಿಲಿಸ್‌ನೊಳಗೆ ಒಂದೇ ಮಾತಿನಲ್ಲಿ ಸೇರಿಸಿ ಮುಂದೆ ನಡೆದರು. ತೀರ್ಪು ಸರಿಯೆಂದೇ ನನ್ನ ಮತ. ಆದರೆ ಕಾರಣ ಅಲ್ಲಿಲ್ಲ. (ಅಬಟ್‌ರದು ಕೈಪಿಡಿ, ಅದರಿಂದ ವಾದ ನಿರೀಕ್ಷಿಸಬಾರದು ಎನ್ನಬಹುದು; ಆದರೆ ಅದನ್ನೇ ಪ್ರಮಾಣವೆಂದು ಉದ್ಧರಿಸುತ್ತ ಬಂದವರಿಗೆ ಆ ರಿಯಾಯಿತಿ ಸಲ್ಲದು.)

ವ್ಯಾಜ್ಯದ ನಡುವೆ ಇರುವುದು ಚಿಪ್ಪಿನ ಏಣು. ಪರ್ನೊಬಿಲಿಸ್‌ನ ಬಿಳಿಯ, ಗಿಡ್ಡ ಗೋಪುರದಂಥ ಚಿಪ್ಪಿನ ಮೇಲೆ ಪ್ರತಿ ಸುತ್ತಿನಲ್ಲಿ ಸುಮಾರು 14 ಅಗಲವಾದ, ಅಲಗಿನಂತೆ ತೆಳ್ಳಗಿನ ಏಣುಗಳಿರುತ್ತವೆ. ಇವನ್ನು ಎಣಿಸಿ, ನಡುವಿನ ಅಂತರ ಅಳೆದು ಪ್ರಭೇದ ಬೇರ್ಪಡಿಸುವ ಹವ್ಯಾಸ ಹಳೆಯದು. ಹಾಗೆ ಎಣಿಸಿದವರು ಏಣನ್ನು ಅಲಂಕಾರವೆಂದು ಓದಿದರು. ಆದರೆ ಪ್ರತಿ ಏಣೂ ಒಂದು ಕಾಲಕ್ಕೆ ಚಿಪ್ಪಿನ ಬಾಯಂಚಾಗಿತ್ತು: ಬೆಳವಣಿಗೆ ನಿಂತಾಗ ಅಂಚು ಹೊರಚಾಚಿಕೊಳ್ಳುತ್ತದೆ, ಮತ್ತೆ ಬೆಳೆದಾಗ ಹಿಂದೆ ಉಳಿಯುತ್ತದೆ. ಅಂದಮೇಲೆ ನಾವು ಎಣಿಸುತ್ತಿರುವುದು ಒಂದು ಪ್ರಾಣಿ ಎಷ್ಟು ಸಲ ನಿಂತು ಹೊರಟಿತು ಎಂಬುದನ್ನು.

ಹಾಗೆಂದು ಎಣಿಕೆ ಬರೀ ಆಕಸ್ಮಿಕವೂ ಅಲ್ಲ. ವೆಂಟಲ್‌ಟ್ರ್ಯಾಪ್ ಕುಟುಂಬದ ಹಲವು ಪ್ರಭೇದಗಳಲ್ಲಿ ಮೇಲಿನ ಸುತ್ತಿನ ಏಣಿಗೆ ಕೆಳಸುತ್ತಿನ ಏಣು ನೇರವಾಗಿ ಕೂಡಿಕೊಳ್ಳುತ್ತದೆ. ಪ್ರಾಣಿ ಹಳೆಯ ಏಣನ್ನು ಗುರುತಾಗಿಟ್ಟುಕೊಂಡೇ ನಿಲ್ಲುತ್ತದೆ ಎನ್ನಬೇಕು. ಆದ್ದರಿಂದ ಏಣಿನ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಎರಡು ಚಿಪ್ಪುಗಳ ಅದೇ ಸುತ್ತನ್ನು ಹೋಲಿಸದೆ, ಎಳೆಯದನ್ನೂ ಬಲಿತದ್ದನ್ನೂ ಪಕ್ಕಪಕ್ಕ ಇಟ್ಟು ತೆಗೆದ ಲೆಕ್ಕಕ್ಕೆ ಮಾತ್ರ ಬೆಲೆ ಕೊಡಲಾರೆ.

ಬಾರ್ಟ್ಶ್ ಅವಸರದ ಮನುಷ್ಯರೇನಲ್ಲ. ಬಹಾಮಾದ ಸೀರಿಯಾನ್ ನೆಲಬಸವನಹುಳುಗಳನ್ನು 1912ರಿಂದ ಫ್ಲೋರಿಡಾದ ದ್ವೀಪಗಳಿಗೆ ಒಯ್ದು ಬಿಟ್ಟು, ಪರಿಸರ ಬದಲಾದರೆ ಚಿಪ್ಪು ಬದಲಾಗುವುದೇ ಎಂದು ಪರೀಕ್ಷಿಸಿದವರು ಅವರೇ. ಅಲ್ಲಿ ಹುಟ್ಟಿದ ಮರಿಗಳ ಚಿಪ್ಪು ಹೆತ್ತವರದನ್ನೇ ಹೋಲಿತ್ತು. ಚಿಪ್ಪಿನ ಆಕಾರ ಸ್ಥಿರವೆಂಬ ಆ ನಂಬಿಕೆಯನ್ನೇ ಅವರು ಆಳಸಮುದ್ರಕ್ಕೂ ಇಳಿಸಿದರೆಂಬುದು ನನ್ನ ಊಹೆ. ಕೈಯಲ್ಲಿ ಹಿಡಿದು ಬೆಳೆಸಬಹುದಾದ ಹುಳುವಿನ ಪಾಠ, ಬಲೆಗೆ ಒಂದೊಂದಾಗಿ ಸಿಗುವ ಚಿಪ್ಪಿಗೆ ಹೊಂದುವುದಿಲ್ಲ.

ನಿಜವಾಗಿ ನೋಡಬೇಕಾದದ್ದು ಚಿಪ್ಪಿನ ತುದಿಯನ್ನು. ಭ್ರೂಣ, ಲಾರ್ವಾ ಹಂತಗಳಲ್ಲಿ ಕಟ್ಟಿಕೊಂಡ ಮರಿಚಿಪ್ಪು ಅಲ್ಲಿರುತ್ತದೆ. ಈಶಾನ್ಯ ಅಟ್ಲಾಂಟಿಕದ ಆಳನೀರಿನ ವೆಂಟಲ್‌ಟ್ರ್ಯಾಪ್ ಪ್ರಭೇದಗಳನ್ನು 1986ರಲ್ಲಿ ಮರುಪರಿಶೀಲಿಸಿದ ಬುಶೆ ಮತ್ತು ವಾರೆನ್ ಅದನ್ನು ಗಂಭೀರವಾಗಿ ಓದಿದರು. ನನ್ನ ಪಕ್ಷಪಾತ ಅವರ ಕಡೆಗೇ ಎಂದು ಮುಚ್ಚಿಡುವುದಿಲ್ಲ. ಹಲವು ಸುತ್ತಿನ ಸಣ್ಣ ಮರಿಚಿಪ್ಪು, ಲಾರ್ವಾ ನೀರಿನಲ್ಲಿ ತೇಲುತ್ತ ತಿಂದು ಬೆಳೆದದ್ದಕ್ಕೆ ಗುರುತು. ಸುತ್ತು ಕಡಿಮೆಯಿರುವ ಉಬ್ಬಿದ ಮರಿಚಿಪ್ಪು, ಹಾಗೆ ತೇಲಿ ತಿನ್ನದೆ ಬೆಳೆದದ್ದಕ್ಕೆ. ಎರಡು ಚಿಪ್ಪುಗಳಲ್ಲಿ ಈ ಬಗೆ ಬೇರೆಯಾದರೆ ಅವನ್ನು ಒಂದೇ ಪ್ರಭೇದವೆನ್ನಲು ಬಲವಾದ ಬೇರೆ ಕಾರಣ ಬೇಕು. ಒಂದೇ ಬಗೆಯಾಗಿದ್ದರೆ ಏನೂ ಸಾಬೀತಾಗದು. ಈ ಅರ್ಧಭಾಗವನ್ನು ನಮ್ಮ ಪಕ್ಷದವರೂ ಆಗಾಗ ಮರೆಯುತ್ತಾರೆ. ತುದಿ ಸವೆದೋ ಮುರಿದೋ ಹೋದ ಚಿಪ್ಪಾದರೆ ಕುಲದ ಹೆಸರನ್ನಷ್ಟೇ ಬರೆದು, ಪ್ರಭೇದದ ಜಾಗ ಖಾಲಿ ಬಿಡುವುದು ನನ್ನ ಕ್ರಮ.