ಪ್ರಾಥಮಿಕ ಶಾಲೆಯಲ್ಲಿ ವೈಯಕ್ತಿಕ, ಸಾಮಾಜಿಕ ಮತ್ತು ಆರೋಗ್ಯ ಶಿಕ್ಷಣ

ನಮ್ಮ ಕರಾವಳಿಯ ಕಥೊಲಿಕ ಶಾಲೆಗಳಲ್ಲಿ ವಾರಕ್ಕೊಂದು ನೀತಿಪಾಠದ ಅವಧಿ ಇರುವುದು ಹಳೆಯ ರೂಢಿ. ಕಥೆ ಹೇಳುವುದು, ಹಾಡು ಕಲಿಸುವುದು, ಹಿರಿಯರಿಗೆ ಗೌರವ ಕೊಡಿ ಎನ್ನುವುದು ಅಲ್ಲಿ ನಡೆಯುತ್ತದೆ. ಪರೀಕ್ಷೆ ಹತ್ತಿರ ಬಂದರೆ ಆ ಅವಧಿ ಗಣಿತಕ್ಕೆ ಹೋಗುವುದೂ ಅಷ್ಟೇ ಹಳೆಯ ರೂಢಿ. ವೈಯಕ್ತಿಕ, ಸಾಮಾಜಿಕ ಮತ್ತು ಆರೋಗ್ಯ ಶಿಕ್ಷಣವೆಂದರೆ ಈ ಅವಧಿಗೆ ಇಟ್ಟ ಹೊಸ ಹೆಸರಲ್ಲ. ಮಗು ತನ್ನ ದೇಹವನ್ನು, ಭಾವನೆಗಳನ್ನು ಅರಿತುಕೊಳ್ಳುವುದು, ಇತರರೊಂದಿಗೆ ಬೆರೆತು ಬಾಳುವುದು, ಕಾಯಿಲೆ ಮತ್ತು ಅಪಾಯದಿಂದ ದೂರವಿರುವುದು, ಕಷ್ಟ ಬಂದಾಗ ಯಾರಿಗೆ ಹೇಳಬೇಕೆಂದು ತಿಳಿದಿರುವುದು - ಇವನ್ನು ವಯಸ್ಸಿಗೆ ತಕ್ಕಂತೆ ಕಲಿಸುವ ಪಾಠವಿದು. ನೀತಿಪಾಠ ಒಳ್ಳೆಯವನಾಗು ಎನ್ನುತ್ತದೆ. ಈ ಪಾಠ ಹೇಗೆ ಎಂಬುದನ್ನು ಅಭ್ಯಾಸ ಮಾಡಿಸುತ್ತದೆ.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಶಾಲಾ ಮಕ್ಕಳಿಗಾಗಿ ಹತ್ತು ಜೀವನ ಕೌಶಲಗಳನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಪರಾನುಭೂತಿ, ಸರಿಯಾದ ಸಂವಹನ, ನಿರ್ಧಾರ ಕೈಗೊಳ್ಳುವುದು, ಭಾವನೆ ಹಾಗೂ ಒತ್ತಡವನ್ನು ನಿಭಾಯಿಸುವುದು ಅವುಗಳಲ್ಲಿ ಸೇರಿವೆ. ಇಂಗ್ಲೆಂಡಿನಲ್ಲಿ ಇದಕ್ಕೆ ಪಿ.ಎಸ್.ಎಚ್.ಇ. ಎಂಬ ಹೆಸರಿದ್ದು, ಅದರ ಮುಖ್ಯ ಭಾಗಗಳಾದ ಸಂಬಂಧಗಳ ಶಿಕ್ಷಣ ಮತ್ತು ಆರೋಗ್ಯ ಶಿಕ್ಷಣವನ್ನು 2020ರ ಸೆಪ್ಟೆಂಬರಿನಿಂದ ಅಲ್ಲಿನ ಸರ್ಕಾರಿ ಅನುದಾನದ ಪ್ರಾಥಮಿಕ ಶಾಲೆಗಳಲ್ಲಿ ಕಡ್ಡಾಯ ಮಾಡಲಾಯಿತು. ಭಾರತದಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಸ್ಥಾನ ಕೊಟ್ಟಿತು. 2007ರಲ್ಲಿ ಪ್ರೌಢಶಾಲೆಗಳ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಡೆಹಿಡಿದವು. ಆ ಗದ್ದಲದ ನೆನಪಿನಿಂದಲೋ ಏನೋ, ದೇಹದ ಬಗ್ಗೆ ಮಾತೆತ್ತಿದರೆ ಸಾಕು, ಕೆಲವು ಶಿಕ್ಷಕರು ಇಂದಿಗೂ ಪುಸ್ತಕ ಮುಚ್ಚಿಬಿಡುತ್ತಾರೆ.

ಭಾವನೆಗಳಿಗೆ ಹೆಸರು

ನಮ್ಮ ಊರಿನಲ್ಲಿ ಮಗುವನ್ನು 'ಯಾಕೆ ಹೀಗೆ ಕೂತಿದ್ದಿ?' ಎಂದು ಕೇಳಿದರೆ ಬರುವ ಉತ್ತರ ಒಂದೇ: 'ಬೇಜಾರು'. ಗೆಳೆಯ ಆಟಕ್ಕೆ ಸೇರಿಸಿಕೊಳ್ಳದಿದ್ದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು, ಮಳೆಗೆ ಹೊರಗೆ ಹೋಗಲಾಗದಿದ್ದರೂ ಬೇಜಾರು. ಹೆದರಿಕೆ, ಅವಮಾನ, ಒಂಟಿತನ, ಹೊಟ್ಟೆಕಿಚ್ಚು ಎಲ್ಲವೂ ಆ ಒಂದು ಮಾತಿನೊಳಗೆ ಅಡಗಿಬಿಡುತ್ತವೆ. ಒಂದನೇ, ಎರಡನೇ ತರಗತಿಯಲ್ಲಿ ಈ ಶಿಕ್ಷಣದ ಮೊದಲ ಕೆಲಸ ಆ ಮಾತನ್ನು ಬಿಡಿಸಿ ನೋಡುವುದು. ಮುಖದ ಚಿತ್ರಗಳನ್ನು ತೋರಿಸಿ 'ಇವನಿಗೆ ಏನಾಗಿರಬಹುದು?' ಎಂದು ಕೇಳಬಹುದು. ಮಕ್ಕಳು ತುಳು, ಕೊಂಕಣಿ, ಬ್ಯಾರಿ ಇಲ್ಲವೇ ಉತ್ತರ ಕರ್ನಾಟಕದ ಕನ್ನಡದಲ್ಲಿ ಉತ್ತರಿಸಲಿ, ಅದಕ್ಕೆ ತಡೆ ಬೇಡ. ಮನೆಮಾತಿನಲ್ಲಿ ಹೇಳಲಾಗದ ನೋವನ್ನು ಮಗು ಶಾಲೆಯ ಮಾತಿನಲ್ಲಿ ಹೇಳುವುದು ಇನ್ನೂ ಕಷ್ಟ.

ಸಾಮಾಜಿಕ ಭಾಗಕ್ಕೆ ನಮ್ಮ ತರಗತಿಗಳೇ ಪಠ್ಯಪುಸ್ತಕ. ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಮಗುವಿನ ಮಾತಿನ ಧಾಟಿಯನ್ನು ಅಣಕಿಸುವುದು, ಬಣ್ಣ ಅಥವಾ ಜಾತಿ ಹಿಡಿದು ಅಡ್ಡಹೆಸರಿಡುವುದು, ಬುತ್ತಿಯಲ್ಲಿ ಏನಿದೆ ಎಂದು ಇಣುಕಿ ಮೂಗು ಮುರಿಯುವುದು ದಿನನಿತ್ಯದ ಸಂಗತಿಗಳು. ಇವುಗಳ ಬಗ್ಗೆ ಭಾಷಣ ಮಾಡುವುದಕ್ಕಿಂತ ಸಣ್ಣ ನಾಟಕ ಆಡಿಸಿ, ಅಣಕಿಸಿದವನ ಪಾತ್ರವನ್ನೂ ಅಣಕಿಸಿಕೊಂಡವನ ಪಾತ್ರವನ್ನೂ ಒಬ್ಬನಿಂದಲೇ ಮಾಡಿಸುವುದು ಹೆಚ್ಚು ಫಲ ಕೊಡುತ್ತದೆ. ಆದರೆ ಶಿಕ್ಷಕರೇ ಮಗುವನ್ನು ಹೊಡೆದು ಅಥವಾ ಹೀಯಾಳಿಸಿ ಈ ಪಾಠ ಕಲಿಸಲಾಗದು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ.

ದೇಹದ ಸುರಕ್ಷತೆ

ಎಲ್ಲಕ್ಕಿಂತ ಹೆಚ್ಚು ಹಿಂಜರಿಕೆ ಇರುವುದು ಇಲ್ಲಿ, ಅಗತ್ಯ ಇರುವುದೂ ಇಲ್ಲಿಯೇ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದಾಗಿ ಹೇಳಿದರು. ಹುಡುಗರ ಪ್ರಮಾಣ ಹುಡುಗಿಯರದಕ್ಕಿಂತ ಕಡಿಮೆ ಇರಲಿಲ್ಲ. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರೇ ಆಗಿದ್ದರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಹಾಗಾದರೆ 'ಅಪರಿಚಿತರು ಚಾಕಲೇಟ್ ಕೊಟ್ಟರೆ ತೆಗೆದುಕೊಳ್ಳಬೇಡ' ಎಂಬ ಎಚ್ಚರಿಕೆ ಒಂದೇ ಸಾಲದು. ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬ ವಿಂಗಡಣೆಯಲ್ಲೂ ತೊಡಕಿದೆ. ಪ್ರೀತಿಯಿಂದ ಮುದ್ದಿಸುವಂತೆ ನಟಿಸಿ ಮುಟ್ಟಿದಾಗ ಮಗುವಿಗೆ ಅದು ಕೆಟ್ಟದ್ದು ಎನಿಸದೆ ಹೋಗಬಹುದು. ವೈದ್ಯರು ಚುಚ್ಚುಮದ್ದು ಕೊಡುವಾಗ ನೋವಾದರೂ ಅದು ಕೆಟ್ಟದ್ದಲ್ಲ. ಆದ್ದರಿಂದ ಈಗ ಬಹಳಷ್ಟು ತರಬೇತುದಾರರು 'ಸುರಕ್ಷಿತ, ಅಸುರಕ್ಷಿತ ಸ್ಪರ್ಶ' ಎಂದು ಹೇಳುತ್ತಾರೆ. ಒಳ ಉಡುಪು ಮುಚ್ಚುವ ಭಾಗಗಳು ನನ್ನ ಖಾಸಗಿ ಭಾಗಗಳು. ಶುಚಿತ್ವಕ್ಕೆ ಅಥವಾ ಚಿಕಿತ್ಸೆಗೆ ಹೊರತು ಯಾರೂ ಅವನ್ನು ಮುಟ್ಟಬಾರದು, ನೋಡಬಾರದು, ತಮ್ಮದನ್ನು ತೋರಿಸಬಾರದು. ಈ ನಿಯಮ ಒಂದನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಆ ಭಾಗಗಳಿಗೆ ನಾಚಿಕೆಯಿಲ್ಲದ, ಸರಿಯಾದ ಹೆಸರನ್ನೂ ಕಲಿಸಬೇಕು. ಹೆಸರೇ ಗೊತ್ತಿಲ್ಲದ ಮಗು 'ಹೊಟ್ಟೆನೋವು' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಗುಟ್ಟಿನ ಬಗ್ಗೆಯೂ ಪಾಠ ಬೇಕು. ಅಮ್ಮನ ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಎರಡು ದಿನದಲ್ಲಿ ಬಯಲಾಗಿ ಎಲ್ಲರಿಗೂ ಸಂತೋಷ ಕೊಡುತ್ತದೆ. 'ಯಾರಿಗೂ ಹೇಳಬೇಡ, ಹೇಳಿದರೆ ನಿನಗೇ ಬೈಯುತ್ತಾರೆ' ಎನ್ನುವ ಗುಟ್ಟನ್ನು ಇಟ್ಟುಕೊಳ್ಳಲೇಬಾರದು. ಕೈಯ ಐದು ಬೆರಳುಗಳಿಗೆ ತಾನು ನಂಬುವ ಐವರು ದೊಡ್ಡವರ ಹೆಸರನ್ನು ಮಗುವಿನಿಂದಲೇ ಬರೆಸಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳು ಎಂದು ತಿಳಿಸಿ. ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಬೇಡುವ ನಮ್ಮ ಮನೆಗಳ ಪದ್ಧತಿ ಸೊಗಸಾದದ್ದು. ಆದರೆ ಗೌರವ ಕೊಡುವುದೆಂದರೆ ಮಾಮ ಎತ್ತಿ ಮುದ್ದಿಸುವುದನ್ನು ಸಹಿಸಿಕೊಳ್ಳಲೇಬೇಕು ಎಂದಲ್ಲ. ಮಗು ಬೇಡವೆಂದರೆ ತಾಯಿ ತಂದೆಯರು ಒತ್ತಾಯಿಸದಿರಲಿ.

ಚಿಕ್ಕವರಿಗೆ ಇದೆಲ್ಲ ಬೇಕೇ ಎಂದು ಪಾಲಕರು ಕೇಳುವುದುಂಟು. ಮಕ್ಕಳು ಬೆಳೆದಂತೆ ಲೈಂಗಿಕತೆಯ ಬಗ್ಗೆ ಅವರಿಗೆ ವಿವೇಕಯುತ ಶಿಕ್ಷಣ ದೊರೆಯಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಶಿಕ್ಷಣ ಕುರಿತ ಘೋಷಣೆಯಲ್ಲಿ ತಿಳಿಸಿತ್ತು. ಪೋಪ್ ಫ್ರಾನ್ಸಿಸ್ 2016ರ 'ಅಮೋರಿಸ್ ಲೆತೀಸಿಯಾ'ದಲ್ಲಿ ಇದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟರು. ಪಾಠ ಆರಂಭಿಸುವ ಮುನ್ನ ಪಾಲಕರ ಸಭೆ ಕರೆದು, ಯಾವ ತರಗತಿಯಲ್ಲಿ ಯಾವ ಚಿತ್ರ ತೋರಿಸುತ್ತೇವೆ, ಯಾವ ಪದ ಬಳಸುತ್ತೇವೆ ಎಂದು ಮುಂದಿಟ್ಟರೆ ಆಕ್ಷೇಪ ಬಹುಪಾಲು ಕರಗುತ್ತದೆ. ಐದನೇ ತರಗತಿಯ ಹೊತ್ತಿಗೆ ಕೆಲವು ಹುಡುಗಿಯರಿಗೆ ಮುಟ್ಟು ಆರಂಭವಾಗುವುದರಿಂದ ಆ ವಿಷಯವನ್ನು ಅದಕ್ಕೆ ಮೊದಲೇ ಹೇಳಿರಬೇಕು. ಹುಡುಗರನ್ನು ಹೊರಗೆ ಕಳುಹಿಸಿ ಗುಟ್ಟಾಗಿ ಹೇಳುವುದರಿಂದ ಅವರ ಪಿಸುಮಾತು ಹೆಚ್ಚುತ್ತದೆ ಅಷ್ಟೆ.

ಮಗು ಬಾಯಿಬಿಟ್ಟಾಗ

ಇಂತಹ ಪಾಠದ ನಂತರ ಒಂದು ಮಗು ಟೀಚರ ಬಳಿ ಬಂದು ಏನನ್ನೋ ಹೇಳುವ ಸಾಧ್ಯತೆ ಇದೆ. ಅದಕ್ಕೆ ಸಿದ್ಧರಾಗದೆ ಪಾಠ ಆರಂಭಿಸಬಾರದು. ಶಾಂತವಾಗಿ ಕೇಳಿ, 'ಹೇಳಿದ್ದು ಒಳ್ಳೆಯದಾಯಿತು, ನಿನ್ನದೇನೂ ತಪ್ಪಿಲ್ಲ' ಎನ್ನಿ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಆಗದು. ಕೆದಕಿ ಕೆದಕಿ ಪ್ರಶ್ನಿಸುವುದು, ಮುಖ್ಯೋಪಾಧ್ಯಾಯರ ಮುಂದೆ, ಸಂಚಾಲಕರ ಮುಂದೆ ಮತ್ತೆ ಮತ್ತೆ ಹೇಳಿಸುವುದು, ಆರೋಪ ಹೊತ್ತವರ ಎದುರು ನಿಲ್ಲಿಸುವುದು ಬೇಡ. ಮಗುವಿನ ಮಾತನ್ನು ಅದರ ಪದಗಳಲ್ಲೇ ಬರೆದಿಡಿ.

ಮುಂದಿನ ಹೆಜ್ಜೆ ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ, ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸಜೆ ಮತ್ತು ದಂಡ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕ್ರಮ ಜರುಗಿಸುವಂತಿಲ್ಲ. 'ಶಾಲೆಯ ಮರ್ಯಾದೆ ಹೋಗುತ್ತದೆ, ಮೊದಲು ನಾವೇ ಒಳಗೊಳಗೆ ವಿಚಾರಿಸೋಣ' ಎಂಬ ಸಲಹೆ ಆಡಳಿತ ಸಮಿತಿಗಳಲ್ಲಿ ಒಳ್ಳೆಯ ಮನಸ್ಸಿನಿಂದಲೇ ಬರಬಹುದು. ಅದನ್ನು ಒಪ್ಪಿದರೆ ಕಾನೂನು ಮುರಿದಂತೆ. ಆ ಮಗು ಮಾತ್ರವಲ್ಲ, ಅದನ್ನು ನೋಡುತ್ತಿರುವ ಉಳಿದ ಮಕ್ಕಳೂ ಮತ್ತೆ ಬಾಯಿ ತೆರೆಯುವುದಿಲ್ಲ.

ಪೊಲೀಸರ ಭಯಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ, ಸಾಧ್ಯವಿದ್ದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಧರಿಸದೆ ಪಡೆಯಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಾಧ್ಯಮಗಳು ಮಗುವಿನ ಹೆಸರು, ವಿಳಾಸ, ಶಾಲೆಯನ್ನು ಬಹಿರಂಗಪಡಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಮುಂಬಯಿಯಲ್ಲಿ 1996ರಲ್ಲಿ ಆರಂಭವಾಗಿ, 2023ರಿಂದ ಸರ್ಕಾರದ ಉಸ್ತುವಾರಿಯಲ್ಲಿ 112 ತುರ್ತು ಸೇವೆಯೊಂದಿಗೆ ಜೋಡಣೆಯಾಗಿದೆ. ಆ ಸಂಖ್ಯೆಯನ್ನು ಕಚೇರಿಯ ಗೋಡೆಯ ಬದಲು ಮಕ್ಕಳ ಕಣ್ಣೆತ್ತರದಲ್ಲಿ ಬರೆಸುವುದು ಒಳಿತು.

ಆರೋಗ್ಯ

ಊಟಕ್ಕೆ ಮೊದಲು, ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದನ್ನು ಎಲ್ಲ ಶಾಲೆಗಳೂ ಕಲಿಸುತ್ತವೆ. ನಳ್ಳಿಯ ಬಳಿ ಸೋಪು ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆ ಏಕೆ ನುಂಗಬೇಕೆಂದು ಮೊದಲೇ ವಿವರಿಸಿದರೆ ವದಂತಿಗೆ ಎಡೆಯಿರದು. ಕರಾವಳಿಗೆ ತಕ್ಕ ಪಾಠಗಳನ್ನು ನಾವೇ ಸೇರಿಸಿಕೊಳ್ಳಬೇಕು: ಮಳೆಗಾಲದಲ್ಲಿ ತೆಂಗಿನ ಚಿಪ್ಪು, ಟಯರುಗಳಲ್ಲಿ ನಿಂತ ನೀರು ಚೆಲ್ಲುವುದು, ತೋಡು, ಕೆರೆ, ಆವರಣವಿಲ್ಲದ ಬಾವಿ ಹಾಗೂ ಸಮುದ್ರದ ಬಳಿ ಒಂಟಿಯಾಗಿ ಹೋಗದಿರುವುದು. ನಾಯಿ ಕಚ್ಚಿದರೆ ಅರಿಶಿನ ಹಚ್ಚದೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಲಸಿಕೆಗೆ ಹೋಗಬೇಕು. ಬೈಯುತ್ತಾರೆಂದು ಮಗು ಕಚ್ಚಿದ್ದನ್ನು ಮುಚ್ಚಿಟ್ಟರೆ ಜೀವಕ್ಕೇ ಅಪಾಯ.

ಧರ್ಮಕೇಂದ್ರದಲ್ಲಿ

2020ರ ಪೋಕ್ಸೊ ನಿಯಮಗಳು ಮಕ್ಕಳ ನಿಕಟ ಸಂಪರ್ಕವಿರುವ ಸಂಸ್ಥೆಗಳ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಡ್ಡಾಯ ಮಾಡಿವೆ. ಗುತ್ತಿಗೆಯವರೂ ಅದರಲ್ಲಿ ಸೇರುತ್ತಾರೆ. ಶಾಲಾ ವಾಹನದ ಚಾಲಕ, ಹಾಸ್ಟೆಲಿನ ಅಡಿಗೆಯವರು, ಕಾವಲುಗಾರ ಯಾರನ್ನೂ ಬಿಡುವಂತಿಲ್ಲ. ದೊತೊರ್ನ್ ಕಲಿಸುವವರು, ಗಾಯನ ಮಂಡಳಿ ಮತ್ತು ಪೀಠ ಸೇವಕರ ಮಕ್ಕಳನ್ನು ನೋಡಿಕೊಳ್ಳುವ ಸ್ವಯಂಸೇವಕರಿಗೂ ಇದೇ ಎಚ್ಚರ ಅನ್ವಯಿಸುವುದು ಲೇಸು. ಒಂದೇ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರದಿರುವುದು, ಮಕ್ಕಳಿಗೆ ಖಾಸಗಿಯಾಗಿ ಮೊಬೈಲ್ ಸಂದೇಶ ಕಳುಹಿಸದಿರುವುದು, ಶಿಬಿರಕ್ಕೆ ಕರೆದೊಯ್ಯುವಾಗ ಕನಿಷ್ಠ ಇಬ್ಬರು ದೊಡ್ಡವರು ಜತೆಗಿರುವುದು - ಇಷ್ಟನ್ನು ಪಾಲನಾ ಪರಿಷತ್ತು ಒಂದು ಸಭೆಯಲ್ಲಿ ತೀರ್ಮಾನಿಸಿ, ಬರೆದು, ದೊತೊರ್ನ್ ತರಗತಿಯ ಬಾಗಿಲಲ್ಲಿ ಹಚ್ಚಬಹುದು.